ಈ ಪೆಟ್ಟು ನಿನಗಲ್ಲ

ತೀರ್ಥಹಳ್ಳಿಯ ನೃತ್ಯದ ತರಗತಿಗೆ ಸ್ವಾತಿ ಹೊಸಬಳು. "ಒರಳುಕಲ್ಲು ಕುಣ್ದಂಗಿದೆ ಕಣೇ, ಹಿಂದಿನ ಸಾಲಿಗೆ ಹೋಗು" ಎಂದು ಮುಂದಿನ ಸಾಲಿನ ಪ್ರಮೀಳಾ ಎಲ್ಲರೆದುರು ನಗಾಡಿದಳು.

ಅವಳ ಆ ಮುಂದಿನ ಜಾಗವನ್ನೇ ಕಿತ್ತುಕೊಳ್ಳುತ್ತೇನೆಂದು ಸ್ವಾತಿ ಪಣ ತೊಟ್ಟಳು. ಮಂಡಿ ಅರ್ಧ ಮಡಿಸಿ ನಿಂತೇ ಪಾತ್ರೆ ತೊಳೆದಳು, ಬೆನ್ನು ನೆಟ್ಟಗಿಟ್ಟು ನೀರು ಹೊತ್ತಳು, ದೋಸೆ ಬೇಯುವಷ್ಟು ಹೊತ್ತೂ ಹೆಜ್ಜೆ ತುಳಿದಳು. ತುಳಿಯುವ ಮುನ್ನ ನೆಲ ಮುಟ್ಟಿ ಕ್ಷಮೆ ಕೇಳುವುದು ನರ್ತಕರ ಪದ್ಧತಿಯಲ್ಲವೇ? ಅವಳೂ ಭಕ್ತಿಯಿಂದಲೇ ಕೇಳಿದಳು: "ಭೂಮಿತಾಯಿ, ಈ ಪೆಟ್ಟು ನಿಂಗಲ್ಲಮ್ಮ, ಪ್ರಮೀಳಂಗೆ."

ನವರಾತ್ರಿಯ ಕಾರ್ಯಕ್ರಮಕ್ಕೆ ಟೀಚರ್ ಅವಳನ್ನು ಮುಂದೆ ಕರೆದು, ಪ್ರಮೀಳಾಳನ್ನು ಹಿಂದಕ್ಕೆ ಕಳಿಸಿದರು.

"ಮನೇಲಿ ಹೆಂಗೆ ಪ್ರಾಕ್ಟೀಸ್ ಮಾಡ್ತಿ ಮಾರಾಯ್ತಿ?" ಪ್ರಮೀಳಾಳ ಮುಖ ಸಪ್ಪಗಾಗಿತ್ತು.

"ದಿನಾ ನಿನ್ನನ್ನೇ ನೆನೆಸ್ಕೊಂಡು ಕಣೇ" ಎಂದ ಸ್ವಾತಿ, ಬಗ್ಗಿ ನೆಲ ಮುಟ್ಟಿದಳು.