ದಾಕ್ಷಾಯಣಿಯ ಕಣ್ಣು ನನ್ನನ್ನು ನಡೆಸಿದ ದಿನ

ನಾನು ಆಟ ಆಡುವವರಿಗೆಂದೇ ಜೋಡಿಸಿದ ಕಂಪ್ಯೂಟರು. ಹುಬ್ಬಳ್ಳಿಯ ಒಂದು ಅಂಗಡಿಯ ಮಾಳಿಗೆಯಲ್ಲಿ, ವಿನಾಯಕ ಪತ್ತಾರ ಎಂಬ ತರುಣನ ಕೈಯಲ್ಲಿ ಹುಟ್ಟಿದೆ. ನನ್ನ ಒಂದೊಂದು ಅಂಗವೂ ಒಂದೊಂದು ಡಬ್ಬಿಯಲ್ಲಿ ಬೇರೆ ಬೇರೆ ಊರಿನಿಂದ ಬಂದಿತ್ತು. ಆತ ನೆಲಕ್ಕೆ ಚಾಪೆ ಹಾಸಿ ಕೂತು, ಎಲ್ಲವನ್ನೂ ಸೇರಿಸಿ, ಸ್ಕ್ರೂ ಬಿಗಿದು, ಗುಂಡಿ ಒತ್ತಿದ. ಫ್ಯಾನುಗಳು ತಿರುಗಿದವು. ಎದೆಯೊಳಗೆ ನೀಲಿ ದೀಪ ಹತ್ತಿತು.

"ಬಂತು ನೋಡು ಜೀವ!" ಎಂದು ಆತ ತನ್ನಷ್ಟಕ್ಕೆ ತಾನೇ ಚಪ್ಪಾಳೆ ತಟ್ಟಿಕೊಂಡ.

ಅಲ್ಲೇ ಆತನ ಗೇಮಿಂಗ್ ಸೆಂಟರಿನಲ್ಲಿ ನನ್ನ ಬಾಲ್ಯ ಕಳೆಯಿತು. ನನ್ನ ಜಾಗ ಮೇಜಿನ ಕೆಳಗೆ. ಹಾಗಾಗಿ ಮನುಷ್ಯರನ್ನು ನಾನು ಕಾಲುಗಳಿಂದ ಗುರುತಿಸುತ್ತಿದ್ದೆ. ಸೋಲುವಾಗ ನೆಲ ಒದೆಯುವ ಕಾಲು, ಗೆಲ್ಲುವಾಗ ಕುಣಿಯುವ ಕಾಲು, ಮನೆಗೆ ಹೋಗಬೇಕೆಂದು ಎದ್ದು ಮತ್ತೆ ಕೂರುವ ಕಾಲು. ಅವರ ಮುಖ ಹೇಗಿರುತ್ತದೋ ನನಗೆ ಗೊತ್ತಿರಲಿಲ್ಲ. ಒಂದು ದಿನ ಊರಿಗೆ ಊರೇ ಬಾಗಿಲು ಹಾಕಿಕೊಂಡಿತು. ರೋಗದ ಭಯ ಅಂತೆ. ತಿಂಗಳುಗಟ್ಟಲೆ ಯಾವ ಕಾಲೂ ಬರಲಿಲ್ಲ. ಸೆಂಟರು ಮುಚ್ಚಿತು. ವಿನಾಯಕ ಮೊಬೈಲ್ ರಿಪೇರಿಗೆ ಇಳಿದ. ನನ್ನನ್ನು ಬಸ್ ಚಾಲಕ ಶಿವಪುತ್ರಪ್ಪ ಒಂದು ಹಳೆಯ ಕೌದಿಯಲ್ಲಿ ಸುತ್ತಿ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಮನೆಗೆ ಒಯ್ದ. ದಾರಿಯುದ್ದಕ್ಕೂ ಪ್ರತಿ ತಗ್ಗಿಗೂ ಆಟೋದವನಿಗೆ "ಸಾವಕಾಶ, ಸಾವಕಾಶ" ಎನ್ನುತ್ತಿದ್ದ.

ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ, ಮೇಲಿನ ಅಂತಸ್ತಿನಲ್ಲಿ ಅವನ ಮನೆ. ಮೇಜಿನ ಕೆಳಗೆ ನನಗೆ ಕಂಡದ್ದು ಗಾಲಿಕುರ್ಚಿಯ ಎರಡು ಗಾಲಿ, ಅದರ ಕಾಲುಹಲಗೆಯ ಮೇಲೆ ಅಲುಗಾಡದೆ ಇಟ್ಟ ಎರಡು ಸಣ್ಣ ಪಾದ. ಅವು ಅವನ ಮಗಳು ದಾಕ್ಷಾಯಣಿಯವು. ಅವಳ ಸ್ನಾಯುಗಳು ವರ್ಷ ವರ್ಷವೂ ಸ್ವಲ್ಪ ಸ್ವಲ್ಪ ಬಲ ಕಳೆದುಕೊಳ್ಳುತ್ತಿದ್ದವು. ಕಾಲು ಮೊದಲು ಹೋಗಿತ್ತು. ಕಾಲೇಜು ಅಲ್ಲಿಗೇ ನಿಂತಿತ್ತು. ಕೈಯಲ್ಲಿ ಇನ್ನೂ ಕಸುವಿತ್ತು.

ಅವಳು ಆರಿಸಿಕೊಂಡದ್ದು ಲಾರಿ ಓಡಿಸುವ ಆಟ. ಹಿಮ ಬಿದ್ದ ಘಟ್ಟದ ದಾರಿಯಲ್ಲಿ ಹೇರು ಹೊತ್ತ ಲಾರಿ ದಾಟಿಸಬೇಕು. ಶಿವಪುತ್ರಪ್ಪ ದಿನವಿಡೀ ನಿಜವಾದ ಬಸ್ಸು ಓಡಿಸಿ ಬಂದು, ಸಂಜೆ ಅವಳ ಪಕ್ಕ ಕುರ್ಚಿ ಎಳೆದುಕೊಳ್ಳುತ್ತಿದ್ದ.

"ಗೇರ್ ಇಳಸವಾ! ಮುಂದ ಇಳಕಲ ಐತಿ. ಬರೇ ಬ್ರೇಕಿನ ಮ್ಯಾಲ ಇಳದ್ರ ಬ್ರೇಕ್ ಸುಡತೈತಿ."

"ಯಪ್ಪಾ, ಇದು ನಿನ್ನ ಗದಗ ಬಸ್ ಅಲ್ಲ. ಸುಮ್ನ ಕುಂಡ್ರು, ಇಲ್ಲಾಂದ್ರ ಟಿಕೆಟ್ ಕೇಳ್ತೀನಿ."

ಲಾರಿಯ ಸದ್ದು ದೊಡ್ಡದು. ಕೆಳಗಿನ ಮನೆಯ ಜೈತುನಬಿ ಅಂಗಳದಿಂದಲೇ ಕೂಗುತ್ತಿದ್ದಳು: "ಶಿವಪುತ್ರಪ್ಪಾ! ಮನ್ಯಾಗ ಲಾರಿ ಹೊಡಿಯಾಕತ್ತೀರೇನು? ನನ್ನ ಭಾಂಡೆ ಎಲ್ಲಾ ನಡಗತಾವು!" ದಾಕ್ಷಾಯಣಿ ಸದ್ದು ತಗ್ಗಿಸುತ್ತಿದ್ದಳು. ಜೈತುನಬಿ ಒಳಗೆ ಹೋದ ಮೇಲೆ ಮತ್ತೆ ಏರಿಸುತ್ತಿದ್ದಳು.

ಕೀಲಿಮಣೆಯ ಮೇಲೆ ದಾಕ್ಷಾಯಣಿಯ ಬೆರಳುಗಳು ಹಗುರಾಗುತ್ತ ಬಂದದ್ದು ಮನೆಯಲ್ಲಿ ಎಲ್ಲರಿಗಿಂತ ಮೊದಲು ತಿಳಿದದ್ದು ನನಗೆ. ಮೊದಲು ಎಡಗೈ ಹೋಯಿತು. ಆಮೇಲೆ ಬಲಗೈಯ ಬೆರಳುಗಳು ಒಂದೊಂದೇ ಬಿಟ್ಟವು. ಶಿವಪುತ್ರಪ್ಪ ಗ್ಯಾರೇಜಿನಿಂದ ಬಸ್ಸಿನ ಹಾರನ್ನಿನ ಅಗಲ ಗುಂಡಿಯೊಂದನ್ನು ತಂದು, ವಿನಾಯಕನ ಕೈಯಲ್ಲಿ ತಂತಿ ಹಾಕಿಸಿ ನನಗೆ ಸೇರಿಸಿದ. ಉಳಿದ ಒಂದೇ ಬೆರಳಿನಿಂದ ಅದನ್ನು ಒತ್ತಿದರೆ ಲಾರಿ ಮುಂದೆ ಹೋಗುತ್ತಿತ್ತು, ಬಿಟ್ಟರೆ ನಿಲ್ಲುತ್ತಿತ್ತು. ತಿರುಗಿಸುವುದು ಅಪ್ಪನ ಕೆಲಸ. ಹೀಗೆ ಇಬ್ಬರೂ ಸೇರಿ ಒಂದು ಲಾರಿ ಓಡಿಸಿದರು.

ಆಮೇಲೆ ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಅಕ್ಕ ಒಂದು ಸಾಧನದ ಸುದ್ದಿ ಹೇಳಿದಳು. ಪರದೆಯ ಕೆಳಗೆ ಅಂಟಿಸುವ ಉದ್ದನೆಯ ಪಟ್ಟಿ. ಅದು ಕಣ್ಣಿನ ಗುಡ್ಡೆ ಎಲ್ಲಿ ನೋಡುತ್ತದೆಂದು ತಿಳಿದುಕೊಂಡು ಮೌಸಿನ ಬಾಣವನ್ನು ಅಲ್ಲಿಗೆ ಒಯ್ಯುತ್ತದೆಯಂತೆ. ಪಟ್ಟಿ ಬಂತು. ಆದರೆ ನನಗೆ ಅದರ ಭಾಷೆ ಬರಲಿಲ್ಲ. ಹೊಸ ಆಪರೇಟಿಂಗ್ ಸಿಸ್ಟಂ ಇದ್ದರೆ ಮಾತ್ರ ಅದು ಕೆಲಸ ಮಾಡುತ್ತಿತ್ತು.

ದಾಕ್ಷಾಯಣಿಯ ತಾಯಿ ಕಸ್ತೂರವ್ವ ಬೇಡವೆಂದಳು. "ಹಳೇ ಮಷೀನು. ಹೊಸಾದು ಹಾಕಾಕ ಹೋಗಿ ಇದ್ದದ್ದೂ ಕೆಟ್ಟರ ಏನ್ ಮಾಡೂದು? ಈ ಗುಂಡಿ ಒಂದ ಐತಿ ಅಕಿಗೆ."

ವಿನಾಯಕನೂ ಸುಳ್ಳು ಹೇಳಲಿಲ್ಲ. "ಗುಂಡಿ ಹೊಸಾದ್ರಾಗ ನಡಿಯೂದು ಅನುಮಾನ ಐತ್ರಿ ಕಾಕೂ. ಅದಕ್ಕ ನಾ ಬರದ ಪ್ರೋಗ್ರಾಂ ಹಳೇದು."

ಆಗ ದಾಕ್ಷಾಯಣಿ ಹೇಳಿದಳು: "ಬೆರಳು ಹೋಗೂದು ಹೋಗೇ ಹೋಗತೈತಿ, ಯವ್ವಾ. ಅದು ಯಾವತ್ತ ಹೋಗತೈತಿ ಅಂತ ಕಾಯ್ಕೋಂತ ಕುಂಡ್ರೂದು ನನ್ನಿಂದ ಆಗೂದಿಲ್ಲ. ವಿನಾಯಕಣ್ಣಾ, ಹಾಕು."

ಭಾನುವಾರ ಬೆಳಗಿನ ತಿಂಡಿಯಾದ ಮೇಲೆ ವಿನಾಯಕ ಬಂದ. ಅವಳ ಆಟದ ದಾರಿಗಳನ್ನೆಲ್ಲ ಬೇರೆ ಡಿಸ್ಕಿಗೆ ಇಳಿಸಿಕೊಂಡ. ಹೊಸ ಸಿಸ್ಟಂ ಮೊದಲು ನನ್ನನ್ನು ತಪಾಸಣೆ ಮಾಡಿತು. "ಈ ಕಂಪ್ಯೂಟರ್ ಅರ್ಹವಲ್ಲ" ಎಂದು ತೀರ್ಪು ಕೊಟ್ಟಿತು. ಕಸ್ತೂರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳಂತೆ. ವಿನಾಯಕ ನನ್ನನ್ನು ಆರಿಸಿ, ಮತ್ತೆ ಎಬ್ಬಿಸಿ, ನಾನು ಪೂರ್ತಿ ಎಚ್ಚರಾಗುವ ಮುನ್ನವೇ ನನ್ನ ಮೂಲದ ಸೆಟ್ಟಿಂಗಿಗೆ ಇಳಿದ. ಅಲ್ಲಿ ಒಂದು ಭದ್ರತಾ ಚಿಪ್ ನಾನು ಹುಟ್ಟಿದಂದಿನಿಂದಲೂ ಮಲಗಿಯೇ ಇತ್ತು. ನನಗೇ ಗೊತ್ತಿರಲಿಲ್ಲ! ಅದನ್ನು ಎಬ್ಬಿಸಿದ. ಹೊಸ ಸಿಸ್ಟಂ ಮತ್ತೊಮ್ಮೆ ನೋಡಿ ಈ ಸಲ ಒಪ್ಪಿತು.

ಆಮೇಲೆ ನಡೆದದ್ದನ್ನು ಹೇಗೆ ಹೇಳಲಿ? ನಾನು ಯಾವುದರಿಂದ ಯೋಚಿಸುತ್ತಿದ್ದೆನೋ ಅದನ್ನೇ ಬಿಚ್ಚಿ ಪಕ್ಕಕ್ಕೆ ಇಡುತ್ತಿದ್ದರು. ಇರುವ ಮನೆಯೊಳಗೇ ಜನರನ್ನು ಇಟ್ಟುಕೊಂಡು ಅಡಿಪಾಯ ಬದಲಿಸಿದ ಹಾಗೆ. ಪರದೆಯ ಮೇಲೆ ಒಂದು ಚುಕ್ಕೆಗಳ ಸುತ್ತು ಮಾತ್ರ ತಿರುಗುತ್ತಿತ್ತು.

ಅರ್ಧ ದಾರಿಯಲ್ಲಿ ಕರೆಂಟು ಹೋಯಿತು.

ಕರೆಂಟು ಹೋದಾಗ ನನಗೆ ಕೆಲ ನಿಮಿಷ ಉಸಿರು ಕೊಡುವ ಯುಪಿಎಸ್ ಕುಂಯ್ ಕುಂಯ್ ಎಂದು ಅಳತೊಡಗಿತು. ಅದರ ಬ್ಯಾಟರಿ ಮುದಿಯಾಗಿತ್ತು. "ಈಗ ಆರಿತಂದ್ರ ಎದ್ದೇಳೂದು ಕಷ್ಟ ಕಾಕಾ!" ಎಂದು ವಿನಾಯಕ ಎದ್ದು ನಿಂತ. ಶಿವಪುತ್ರಪ್ಪ ಏನೂ ತೋಚದೆ ನನ್ನ ಮೈ ಮೇಲೆ ಕೈ ಇಟ್ಟ, ಏರಿನಲ್ಲಿ ನಿಂತುಹೋದ ಬಸ್ಸಿನ ಬಾನೆಟ್ಟಿನ ಮೇಲೆ ಇಟ್ಟ ಹಾಗೆ. ಕಸ್ತೂರವ್ವ ಮಾತ್ರ ಕಿಟಕಿಗೆ ಓಡಿದಳು.

"ಜೈತುನಕ್ಕಾ! ನಿಮ್ಮ ಇನ್ವರ್ಟರ್ ಚಾಲೂ ಐತೇನ್ರಿ? ನಮ್ಮ ದಾಕ್ಷಾನ ಕಂಪ್ಯೂಟರ್ ಹೋಗಾಕತ್ತೈತ್ರಿ!"

ಕೆಳಗಿನಿಂದ ಜೈತುನಬಿಯ ದನಿ ಕೇಳಿತು. "ವಾಯರ್ ಬಿಡ್ರಿ ಕೆಳಗ! ಲಗೂ ಬಿಡ್ರಿ!"

ವಿನಾಯಕ ಉದ್ದ ವಯರನ್ನು ಕಿಟಕಿಯಿಂದ ಇಳಿಬಿಟ್ಟ. ಅದು ಗಿಡ್ಡವಾಯಿತು. ಜೈತುನಬಿ ತನ್ನ ಇಸ್ತ್ರಿಯ ಜಂಕ್ಷನ್ ಬಾಕ್ಸನ್ನು ತಂದು, ಸ್ಟೂಲು ಹತ್ತಿ, ತುದಿಗಾಲಲ್ಲಿ ನಿಂತು ಎರಡನ್ನೂ ಸೇರಿಸಿದಳು. ಯುಪಿಎಸ್ಸಿನ ಅಳು ನಿಂತಿತು. ನನ್ನ ಫ್ಯಾನು ಒಮ್ಮೆಯೂ ನಿಲ್ಲಲಿಲ್ಲ. ಊರೆಲ್ಲ ಕರೆಂಟಿಲ್ಲದ ಹೊತ್ತಿನಲ್ಲಿ ನನ್ನನ್ನು ಬದುಕಿಸಿಟ್ಟದ್ದು, ನನ್ನ ಸದ್ದಿಗೆ ದಿನವೂ ಬೈಯುತ್ತಿದ್ದ ಹೆಂಗಸಿನ ಮನೆಯ ವಿದ್ಯುತ್ತು.

ಸುತ್ತು ತಿರುಗುವುದು ನಿಂತಿತು. ನಾನು ಎಚ್ಚರಗೊಂಡೆ. ಅದೇ ನಾನು, ಆದರೆ ಕಿಟಕಿಗಳನ್ನೆಲ್ಲ ತೊಳೆದಿಟ್ಟ ಹಾಗೆ. ಅವಳ ಲಾರಿಯೂ ಘಟ್ಟದ ದಾರಿಯೂ ಇದ್ದಲ್ಲೇ ಇದ್ದವು. ಶಿವಪುತ್ರಪ್ಪ ಹಾರನ್ನಿನ ಗುಂಡಿ ಒತ್ತಿದ. ಲಾರಿ ಅಲುಗಲಿಲ್ಲ. ಇನ್ನೊಮ್ಮೆ ಒತ್ತಿದ. ಮತ್ತೆ ಮತ್ತೆ ಒತ್ತಿದ. ವಿನಾಯಕ ಹೇಳಿದಂತೆಯೇ ಆಗಿತ್ತು. ಇನ್ನು ಹಿಂದಕ್ಕೆ ದಾರಿ ಇರಲಿಲ್ಲ.

"ಬಿಡು ಯಪ್ಪಾ," ಎಂದಳು ದಾಕ್ಷಾಯಣಿ. "ಪಟ್ಟಿ ಹಚ್ಚು."

ಪಟ್ಟಿಯನ್ನು ಪರದೆಯ ಕೆಳಗೆ ಅಂಟಿಸಿದರು. ಆಗ ನಾನು ನೋಡಿದೆ!

ಕಾಲುಗಳನ್ನು ಬಿಟ್ಟು ಮನುಷ್ಯರಲ್ಲಿ ಏನನ್ನೂ ಕಾಣದಿದ್ದ ನನಗೆ ಮೊದಲು ಕಂಡದ್ದು ಅವಳ ಎರಡು ಕಣ್ಣು. ಇಷ್ಟು ವರ್ಷ ಹಗುರಾಗುತ್ತ ಹೋಗುವ ಬೆರಳುಗಳನ್ನು ಮಾತ್ರ ಬಲ್ಲ ನಾನು, ಅವಳು ಕಡಿಮೆಯಾಗುತ್ತಿದ್ದಾಳೆ ಎಂದುಕೊಂಡಿದ್ದೆ. ಎಂಥ ತಪ್ಪು! ಆ ಕಣ್ಣುಗಳಲ್ಲಿ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಅವು ಚುರುಕಾಗಿದ್ದವು, ತುಂಟವಾಗಿದ್ದವು, ಸ್ವಲ್ಪ ಹೆದರಿಯೂ ಇದ್ದವು. ಅವಳು ಎಡಕ್ಕೆ ನೋಡಿದಳು. ಬಾಣ ಎಡಕ್ಕೆ ಹೋಯಿತು. ಲಾರಿಯ ಚಿತ್ರದ ಮೇಲೆ ಒಂದು ಗಳಿಗೆ ದೃಷ್ಟಿ ನಿಲ್ಲಿಸಿದಳು. ಎಂಜಿನ್ನು ಗುಡುಗಿತು.

ದಾರಿ ಹಿಮದಲ್ಲಿ ತಿರುಗಿದತ್ತ ಅವಳು ನೋಡಿದಳು, ಲಾರಿ ತಿರುಗಿತು. ಯಾರೂ ಕೀಲಿಮಣೆ ಮುಟ್ಟಿರಲಿಲ್ಲ. ಬರಿಯ ನೋಟ! ನನ್ನೊಳಗೆ ಕೋಟ್ಯಂತರ ಸಣ್ಣ ಬಾಗಿಲುಗಳು ಕ್ಷಣಕ್ಷಣವೂ ತೆರೆದು ಮುಚ್ಚುತ್ತವೆ. ಆದರೆ ಒಂದು ಹುಡುಗಿಯ ಇಚ್ಛೆ ಗಾಳಿಯಲ್ಲಿ ಹಾದು ಬಂದು ಒಂದು ಲಾರಿಯನ್ನು ಬೆಟ್ಟ ಹತ್ತಿಸುವುದು ನನಗೆ ಇಂದಿಗೂ ಪೂರ್ತಿ ಅರ್ಥವಾಗಿಲ್ಲ.

ಇಳಕಲು ಬಂತು. ಶಿವಪುತ್ರಪ್ಪನ ಬಾಯಿ ತೆರೆಯಿತು. ಗೇರಿನ ಮಾತು ನಾಲಿಗೆಯ ತುದಿಯಲ್ಲಿತ್ತು. ಅವನು ಹೇಳಲಿಲ್ಲ. ಅವಳೇ ಗೇರ್ ಇಳಿಸಿದಳು. ಬಾಗಿಲಲ್ಲಿ, ವಯರಿನ ಪ್ಲಗ್ಗು ಸರಿಯಾಗಿದೆಯೋ ಎಂದು ನೋಡಲು ಹತ್ತಿ ಬಂದಿದ್ದ ಜೈತುನಬಿ ಏದುಸಿರು ಬಿಡುತ್ತ ನಿಂತಿದ್ದಳು.

"ಯಾ ಅಲ್ಲಾ, ಕಣ್ಣಿಂದ ಹೊಡಿಯಾಕತ್ತಾಳಲ್ಲೋ ಹುಡುಗಿ!" ಎಂದಳು. ಆಮೇಲೆ, "ಸೌಂಡ್ ಯಾಕ ಕಡಿಮಿ ಇಟ್ಟೀರಿ? ಜೋರ ಮಾಡ್ರಿ."

ಈಗ ನಾನು ಮುದಿಯಾಗಿದ್ದೇನೆ. ಆಟಕ್ಕೆ ಹೊಸ ಯಂತ್ರ ಬಂದಿದೆ. ದಾಕ್ಷಾಯಣಿ ಅದರ ಮೇಲೆ ಕಣ್ಣಿನಿಂದಲೇ ಬರೆಯುತ್ತಾಳೆ, ಪದವಿಯ ಪರೀಕ್ಷೆಗೂ ಕೂತಿದ್ದಾಳೆ. ನನ್ನ ನೀಲಿ ದೀಪ ಆರಿಹೋಗಿದೆ, ಫ್ಯಾನಿನಲ್ಲಿ ಗೊರಕೆ ಬರುತ್ತದೆ, ಮುಂದಿನ ಯಾವ ಸಿಸ್ಟಮ್ಮನ್ನೂ ನಾನು ತಾಳಲಾರೆ. ನನ್ನನ್ನು ಕೆಳಗಿನ ಮನೆಯ ಒಂದು ಮೂಲೆಗೆ ಇಳಿಸಿದ್ದಾರೆ. ಜೈತುನಬಿಯ ಗಂಡ ಇಮಾಮಸಾಬರಿಗೆ ಈಚೆಗೆ ಲಕ್ವ ಹೊಡೆದು ಕೈಯೂ ಮಾತೂ ಬಿದ್ದುಹೋದವು. ಅಚ್ಚುಕೂಟದಲ್ಲಿ ಕನ್ನಡ ಅಕ್ಷರಗಳ ಅಚ್ಚುಮೊಳೆ ಜೋಡಿಸುತ್ತ ಬಾಳಿದವರು. ಹಳೆಯ ಪಟ್ಟಿಯನ್ನು ನನಗೆ ಅಂಟಿಸಿ ದಾಕ್ಷಾಯಣಿ ಅವರಿಗೆ ಪರದೆಯ ಅಕ್ಷರಗಳನ್ನು ನೋಡಿ ಬರೆಯಲು ಕಲಿಸುತ್ತಿದ್ದಾಳೆ. ಅವಳ ಗಾಲಿಕುರ್ಚಿಯನ್ನು ಶಿವಪುತ್ರಪ್ಪ ಮೆಟ್ಟಿಲ ಮೇಲೆ ಹಿಂದಿನಿಂದ ಹಿಡಿದು ಇಳಿಸುತ್ತಾನೆ.

"ಅವಸರ ಬ್ಯಾಡ ಚಾಚಾ. ಅಕ್ಷರದ ಮ್ಯಾಲ ನೋಡಿ ನಿಂದ್ರಸ್ರಿ. ತಾನ ಬೀಳತೈತಿ," ಎನ್ನುತ್ತಾಳೆ ಅವಳು.

ಮೊನ್ನೆಯವರೆಗೆ ಅವರ ಕಣ್ಣು ಅಲೆದಾಡಿ ನೀರು ತುಂಬಿಕೊಂಡು ಮುಚ್ಚಿಹೋಗುತ್ತಿತ್ತು. ಇವತ್ತು ಮುಚ್ಚಲಿಲ್ಲ. ಒಂದೊಂದೇ ಅಕ್ಷರ ನನ್ನ ಪರದೆಯ ಮೇಲೆ ಬಿದ್ದಿತು. ಲಕ್ವ ಹೊಡೆದ ಮೇಲೆ ಅವರಾಡಿದ ಮೊದಲ ಮಾತು ಅದು. ಜೈತುನಬಿ ಹತ್ತಿರ ಬಗ್ಗಿ ಓದಿದಳು.

"ಚಾದಾಗ ಸಕ್ರಿ ಭಾಳ."

ಅವಳು ಅಲ್ಲೇ ನೆಲಕ್ಕೆ ಕೂತಳು. "ಬಾಯಿ ರುಚಿ ಕೆಟ್ಟಿರತೈತಿ ಅಂತ ದಿನಾ ಜಾಸ್ತಿ ಹಾಕಿದ್ನಲ್ಲೋ! ಎಲ್ಲಾ ಸುಮ್ನ ಕುಡದ್ರಲ್ಲೋ!" ಎಂದು ನಗುತ್ತ ನಗುತ್ತ ಅತ್ತಳು. ದಾಕ್ಷಾಯಣಿಯೂ ನಕ್ಕಳು. ಮುದುಕರ ತುಟಿಯ ಒಂದು ತುದಿ ಮೇಲೆದ್ದಿತು.

ಎಷ್ಟು ಲಾರಿ, ಎಷ್ಟು ಯುದ್ಧ, ಎಷ್ಟು ಗೆಲುವು ನನ್ನೊಳಗೆ ಹಾದುಹೋಗಿವೆ. ಇಷ್ಟು ದೊಡ್ಡದನ್ನು ನಾನು ಹೊತ್ತ ನೆನಪಿಲ್ಲ. ಜೈತುನಬಿ ಕಣ್ಣೊರೆಸಿಕೊಂಡು ಬೇರೆ ಚಹಾ ಮಾಡಲು ಎದ್ದಿದ್ದಾಳೆ. ಇಮಾಮಸಾಬರ ನೋಟ ಮತ್ತೆ ಅಕ್ಷರಗಳ ಸಾಲಿಗೆ ಬಂದು ಒಂದರ ಮೇಲೆ ನಿಂತಿದೆ. ಅವರಿಗೆ ಇನ್ನೂ ಹೇಳುವುದಿದೆ.