ಸ್ಕ್ರೀನಿನ ಅಂಚು

ಮಗ್ಗಗಳಿಗೆ ನೂಲು ಹಂಚುವ ಇಚಲಕರಂಜಿಯ ಸೊಸೈಟಿಗೆ ಕಂಪ್ಯೂಟರ್ ಬಂದದ್ದು ಎಂಬತ್ತೆಂಟರ ದೀಪಾವಳಿಯ ಹೊತ್ತಿಗೆ. ಹೊಸ ಅಳಿಯನಿಗೂ ಅಂಥ ಉಪಚಾರ ಆಗಿರಲಿಕ್ಕಿಲ್ಲ. ಅದಕ್ಕೆಂದೇ ಒಂದು ಕೋಣೆ, ಕೋಣೆಗೆ ಏಸಿ, ಮಗ್ಗದ ಧೂಳು ಬರಬಾರದೆಂದು ಹಲಗೆ ಬಡಿದು ಮುಚ್ಚಿದ ಕಿಟಕಿ, ಚಪ್ಪಲಿ ಹೊರಗೆ ಬಿಡಿ ಎಂಬ ಬೋರ್ಡು. ಕಾಯಿ ಒಡೆದು, ಡಬ್ಬಿಯ ನೆತ್ತಿಗೆ ಕುಂಕುಮ ಹಚ್ಚಿ, ಹಸಿರು ಅಕ್ಷರದ ಸ್ಕ್ರೀನಿನ ಮುಂದೆ ಜಿನಪಾಲ ಮಗದೂಮನನ್ನು ಕೂರಿಸಿದರು.

ಜಿನಪಾಲ ಪಕ್ಕದ ಹಳ್ಳಿ ಯಡ್ರಾವದವನು. ಹುಡುಗನಾಗಿದ್ದಾಗಿನಿಂದ ಅದೇ ಸೊಸೈಟಿಯಲ್ಲಿ ಕಾರಕೂನ. ನಲವತ್ತರ ಹತ್ತಿರ ಬಂದವನು ಕೊಲ್ಹಾಪುರಕ್ಕೆ ದಿನಾ ಬಸ್ಸು ಹತ್ತಿ, ಮೀಸೆ ಮೂಡದ ಹುಡುಗರ ನಡುವೆ ಕೂತು ಕಂಪ್ಯೂಟರ್ ಕಲಿತು ಬಂದಿದ್ದ. ಆ ಕುರ್ಚಿ ಎಂದರೆ ಅವನಿಗೆ ಜೀವ. ಊರಲ್ಲಿ ಅವನಿಗೆ ಇನ್ನೂ ಒಂದು ಹೆಸರಿತ್ತು, ಭಾರಿ ನೇಮಸ್ಥ ಎಂದು. ಜೈನರ ಮನೆಯಲ್ಲಿ ಹೊತ್ತು ಮುಳುಗುವ ಮೊದಲು ಉಣ್ಣುವುದು ಹೊಸದೇನಲ್ಲ. ಆದರೆ ಜಿನಪಾಲ ಉಂಡ ಮೇಲೆ ಹೊಸ್ತಿಲನ್ನೂ ದಾಟುತ್ತಿರಲಿಲ್ಲ. ತೀರಿಹೋದ ಅವನ ತಂದೆ ಇನ್ನೂ ಒಂದು ಹೆಜ್ಜೆ ಮುಂದೆ. ಗಟ್ಟಿಮುಟ್ಟಾಗಿರುವಾಗಲೇ ಹೊಲ, ವ್ಯವಹಾರ ಎಲ್ಲ ಬಿಟ್ಟು ಜಪಮಾಲೆ ಹಿಡಿದು ಜಗಲಿಯ ಮೇಲೆ ಕೂತುಬಿಟ್ಟವನು. ನಾಂದಣಿಯ ಜೈನ ಮಠಕ್ಕೆ ಹೊರಟವರು ದಾರಿಯಲ್ಲಿ ನಿಂತು ಅವನ ಕಾಲು ಮುಟ್ಟಿ ಹೋಗುತ್ತಿದ್ದರು.

ಬೇಸಿಗೆ ಬರುವಷ್ಟರಲ್ಲಿ ಸ್ಕ್ರೀನಿನ ತಕರಾರು ಶುರುವಾಯಿತು. ಮೊದಲು ಅಕ್ಷರಗಳು ನಡುಗುತ್ತಿದ್ದವು. ಕೊಲ್ಹಾಪುರದಿಂದ ರಿಪೇರಿಗೆ ಬಂದವನು ಹಾಲಸಿದ್ದ. ಗಡಹಿಂಗ್ಲಜ ಕಡೆಯ ಕುರಿ ಕಾಯುವವರ ಮನೆಯ ಹುಡುಗ, ಡಿಪ್ಲೊಮಾ ಮುಗಿಸಿ ಕಂಪನಿ ಸೇರಿದ್ದ. ಕೇಬಲ್ಲು ಬಿಚ್ಚಿ ನೋಡಿದ, ಕರೆಂಟು ಅಳೆದ, ಆಮೇಲೆ ಗೋಡೆಗೆ ಕಿವಿ ಇಟ್ಟ. ಆಚೆ ಬದಿ ಮಗ್ಗದ ಮೋಟಾರು ಓಡುತ್ತಿತ್ತು. ಮೇಜನ್ನು ಎದುರು ಗೋಡೆಗೆ ಸರಿಸಿದ ಕೂಡಲೇ ಅಕ್ಷರಗಳು ನಿಂತವು. ಎಲ್ಲರೂ ಚಪ್ಪಾಳೆ ತಟ್ಟುವುದೊಂದು ಬಾಕಿ.

"ಇನ್ನೊಂದೈತಿ ನೋಡ್ರಿ," ಎಂದ ಜಿನಪಾಲ. "ನಡುವಿನ ಸಾಲು ಓದಾಕತ್ತಾಗ ಎರಡೂ ಕಡಿ ಅಂಚು ಕಪ್ಪಾಗ್ತೈತಿ. ಅಲ್ಲಿ ನೋಡಾಕ ಹೋದ್ರ ಅಕ್ಷರ ಬರ್ತಾವ. ಬಿಟ್ರ ಮತ್ತ ಹೋಗ್ತಾವ."

ರಿಪೇರಿಯವರಿಗೆ ಇಂಥ ರೋಗದಷ್ಟು ತಲೆನೋವು ಬೇರಿಲ್ಲ. ಹುಡುಕಲು ಹೋದರೆ ಮಾಯ, ಬೆನ್ನು ತಿರುಗಿಸಿದರೆ ಹಾಜರು. ಹಾಲಸಿದ್ದ ಹಿಂದಿನ ತಿರುಪು ತಿರುಗಿಸಿ ಅಕ್ಷರಗಳನ್ನು ಒಳಕ್ಕೆ ಎಳೆದ, ಬೆಳಕು ಹೆಚ್ಚಿಸಿದ, ತಾನು ಕೂತು ನೋಡಿದ. ಅವನಿಗೆ ಯಾವ ಅಂಚೂ ಕಪ್ಪಾಗಲಿಲ್ಲ. "ಮತ್ತ ಆದ್ರ ಫೋನ್ ಮಾಡ್ರಿ," ಎಂದು ಹೋದ. ಮತ್ತೆ ಆಯಿತು. ಎರಡನೆಯ ಸಲ ಬೇರೊಂದು ಸ್ಕ್ರೀನನ್ನೇ ಹೊತ್ತು ತಂದು ಕೂರಿಸಿದ. ಜಿನಪಾಲ ಹಿಗ್ಗಿ ಹೋದ; ಸಿಕ್ಕಸಿಕ್ಕವರಿಗೆಲ್ಲ "ಈಗ ಬರೋಬರಿ ಆತು" ಎಂದ. ಬರೋಬರಿ ಆಗಲಿ ಎಂಬ ಆಸೆಯೇ ಹಾಗೆ ಹೇಳಿಸಿತ್ತು. ವಾರದೊಳಗೆ ಆ ಹೊಸದರ ಅಂಚೂ ಕಪ್ಪಾಯಿತು.

ಅಷ್ಟರಲ್ಲಿ ತಪ್ಪುಗಳೂ ಶುರುವಾಗಿದ್ದವು. ಸ್ಕ್ರೀನಿನ ಕೆಳತುದಿಯಲ್ಲಿ ಮಷೀನು ಕೊಡುವ ಎಚ್ಚರಿಕೆ ಜಿನಪಾಲನಿಗೆ ಕಾಣುತ್ತಿರಲಿಲ್ಲ. ಒಮ್ಮೆ ಒಂದೇ ಗಂಟಿನ ನೂಲು ಎರಡು ಸಲ ಜಮಾ ಆಯಿತು. ಇನ್ನೊಮ್ಮೆ ಯಡ್ರಾವದ ಮಗ್ಗಕ್ಕೆ ಹೋಗಬೇಕಾದದ್ದು ಕುರುಂದವಾಡಕ್ಕೆ ಹೋಯಿತು. ಆಫೀಸಿನವರು ಬೇರೆ ಮಾತಾಡಿಕೊಂಡರು. ಪಕ್ಕದಲ್ಲಿ ನಿಂತು ನಮಸ್ಕಾರ ಮಾಡಿದರೂ ತಿರುಗಿ ನೋಡುವುದಿಲ್ಲ, ಕಂಪ್ಯೂಟರ್ ಬಂದ ಮೇಲೆ ಇವನಿಗೆ ಸೊಕ್ಕು ಬಂದಿದೆ ಎಂದರು. ಸ್ಟೂಲಿಗೆ ಎಡವಿದರೆ ನಕ್ಕರು.

ಮ್ಯಾನೇಜರ್ ಕೃಷ್ಣಾತ ಅವನನ್ನು ಒಳಗೆ ಕರೆದ. "ಕಾಯ್ ಝಾಲಂ ಪುನ್ಹಾ?" ಎಂದು, ಮತ್ತೇನಾಯಿತೆಂದು ಮರಾಠಿಯಲ್ಲಿ ಸಿಡುಕಿ ಕನ್ನಡಕ್ಕೆ ಬಂದ. "ಕೊಲ್ಹಾಪುರದವ ಇದೊಂದ ಸಲ ಬರ್ತಾನ, ಜಿನಪಾಲ. ಇದು ಕಡೀದು. ಆಮ್ಯಾಲ ಒಂದೋ ಮಷೀನ್ ಬದಲಿ, ಇಲ್ಲಾ ನೀ ಬದಲಿ."

ಮೂರನೆಯ ಸಲ ಹಾಲಸಿದ್ದ ಬಂದಾಗ ಜಿನಪಾಲ ಅವನ ಬೆನ್ನ ಹಿಂದೆಯೇ ನಿಂತ. ಸ್ಕ್ರೀನಿನಲ್ಲಿ ದೋಷ ಸಿಗಲಿ ಎಂದು ಅವನು ಮನಸ್ಸಿನಲ್ಲೇ ಬೇಡಿಕೊಂಡ. ಹಾಲಸಿದ್ದ ಕೇಬಲ್ಲು ಬದಲಿಸಿದ, ಡಬ್ಬಿಯ ಒಳಗಿನ ಕಾರ್ಡು ಬದಲಿಸಿದ. ನೂಲಿನ ವಿಭಾಗದ ಇಂದುಬಾಯಿಯನ್ನು ಕರೆದು ಕುರ್ಚಿಯಲ್ಲಿ ಕೂರಿಸಿ, "ನಡುವ ನೋಡ್ಕೊಂತ ಇರ್ರಿ ಬಾಯಾರ, ಅಂಚು ಕಾಣಸ್ತೈತೇನು?" ಎಂದು ಕೇಳಿದ. "ಕಾಣಲ್ದ ಏನ್ರಿ?" ಎಂದು ಆಕೆ ನಕ್ಕಳು.

ಅದೇ ಹೊತ್ತಿಗೆ ಕರೆಂಟು ಹೋಯಿತು. ಮಟಮಟ ಮಧ್ಯಾಹ್ನವಾದರೂ ಕಿಟಕಿ ಇಲ್ಲದ ಕೋಣೆ. ಬಾಗಿಲ ಸಂದಿಯಲ್ಲಿ ಒಂದು ಎಳೆ ಬೆಳಕು ಬಿಟ್ಟರೆ ಕತ್ತಲೆ. ಆ ಎಳೆ ಹಿಡಿದು ಇಂದುಬಾಯಿ ಹೊರಗೆ ಹೋದಳು. ಹಾಲಸಿದ್ದನೂ ಬಾಗಿಲ ತನಕ ಹೋಗಿ ತಿರುಗಿ ನೋಡಿದ. ಜಿನಪಾಲ ನಿಂತಲ್ಲೇ ನಿಂತಿದ್ದ.

"ಬರ್ರಿ ಅಣ್ಣಾರ, ಸೆಕಿ ಭಾಳ ಐತಿ."

"ನಾ ಇಲ್ಲೇ ಇರ್ತೇನಿ. ಈಗ ಬರ್ತೈತಲ್ಲ ಕರೆಂಟು."

ಬರಲಿಲ್ಲ. ಹಾಲಸಿದ್ದ ಮತ್ತೊಮ್ಮೆ ಕರೆದಾಗ ಜಿನಪಾಲ ಹೊರಟ. ಭುಜವನ್ನು ಗೋಡೆಗೆ ಸವರಿಕೊಂಡು, ಪಾದವನ್ನು ಬೇಕಿಲ್ಲದಷ್ಟು ಎತ್ತಿ ಇಡುತ್ತ ಬಂದ. ಬಾಗಿಲ ಬೆಳಕು ಎದುರಿಗೇ ಇದ್ದರೂ ಅದರ ಪಕ್ಕದ ಕುರ್ಚಿಗೆ ಹೋಗಿ ಬಡಿದ. ಹಾಲಸಿದ್ದ ಅವನ ಕಾಲನ್ನೇ ನೋಡಿದ. ಇಂಥ ನಡಿಗೆಯನ್ನು ಅವನು ಮೊದಲೂ ಕಂಡಿದ್ದ, ಮನುಷ್ಯರಲ್ಲಿ ಅಲ್ಲ.

ಕರೆಂಟು ಬಂದ ಮೇಲೆ ಬಾಗಿಲು ಮುಚ್ಚಿ, ಜಿನಪಾಲನನ್ನು ಕುರ್ಚಿಯಲ್ಲಿ ಕೂರಿಸಿ, ಸ್ಕ್ರೀನಿನ ನಡುವೆ ಒಂದು ಅಕ್ಷರ ಒತ್ತಿದ. "ಇದರ ಮ್ಯಾಲಿಂದ ಕಣ್ಣ ತಗೀಬ್ಯಾಡ್ರಿ. ನಾ ಅಂಚಿನಿಂದ ಒಂದೊಂದ ಅಕ್ಷರ ಒಳಗ ತರ್ತೇನಿ. ಕಂಡ ಕೂಡ್ಲೆ ಹೇಳ್ರಿ."

ಜಿನಪಾಲ ನೋಡುತ್ತ ಕೂತ. ಕೀಲಿಯ ಸದ್ದು ಕೇಳುತ್ತಲೇ ಇತ್ತು. ಇವನೇಕೆ ಸುಮ್ಮನೆ ಒತ್ತುತ್ತಿದ್ದಾನೆ, ಅಕ್ಷರವೇ ಬರುತ್ತಿಲ್ಲವಲ್ಲ ಎಂದುಕೊಂಡ. ಬಹಳ ಹೊತ್ತಿನ ಮೇಲೆ ನಡುವಿನ ಅಕ್ಷರದ ಮಗ್ಗುಲಲ್ಲಿ ಒಂದು ಹಸಿರು ಚುಕ್ಕೆ ಮೂಡಿತು. "ಹಾಂ, ಈಗ ಬಂತು," ಎಂದ. ತಿರುಗಿ ನೋಡಿದರೆ ಸಾಲಿನ ತುಂಬ ಅಕ್ಷರ ತುಂಬಿಕೊಂಡಿತ್ತು. ಎಲ್ಲವೂ ಮೊದಲಿನಿಂದ ಅಲ್ಲಿಯೇ ಇದ್ದವು.

"ಸ್ಕ್ರೀನಿಗೆ ಏನೂ ಆಗಿಲ್ರಿ ಅಣ್ಣಾರ," ಎಂದ ಹಾಲಸಿದ್ದ.

"ಅಂದ್ರ ನಾ ಸುಳ್ಳ ಹೇಳಾಕತ್ತೇನೇನು? ನಿಮಗ ರಿಪೇರಿ ಬರೂದಿಲ್ಲಂತ ನನ್ನ ತಲೀಗೆ ಕಟ್ಟತೀರಿ?" ಜಿನಪಾಲನ ದನಿ ಏರಿತು. ಏರಿದ್ದು ಸಿಟ್ಟಿಗಲ್ಲ, ಭಯಕ್ಕೆ. ಅದು ಇಬ್ಬರಿಗೂ ತಿಳಿಯಿತು.

ಹಾಲಸಿದ್ದ ದನಿ ಏರಿಸಲಿಲ್ಲ. "ನಮ್ಮ ಹಿಂಡಿನಾಗ ಅಂಥಾ ಕುರಿ ಇರ್ತಾವ್ರಿ. ಹಗಲಿ ಎಲ್ಲಾರಂಗ ಮೇಯ್ತಾವ, ಯಾರಿಗೂ ಗೊತ್ತಾಗೂದಿಲ್ಲ. ಹೊತ್ತ ಮುಳುಗಿದ್ರ ಸಾಕು, ಮಗ್ಗಲ ಕುರಿಗೆ ಮೈ ತಿಕ್ಕೊಂತ, ಕಾಲ ಎತ್ತೆತ್ತಿ ಇಟ್ಟು ನಡೀತಾವ. ನನ್ನ ಅಜ್ಜ ಅದಕ್ಕ ಇರುಳಗಣ್ಣು ಅಂತಿದ್ದ. ನಿಮಗ ಸಂಜೀ ಮುಂದ ಕಾಣಸ್ತೈತೇನ್ರಿ?"

"ನಾವು ಜೈನರು. ಸಂಜಿಗೆ ಮನ್ಯಾಗ ಇರ್ತೇವಿ," ಎಂದ ಜಿನಪಾಲ. ಹೇಳಿ ಮುಗಿಸುವಷ್ಟರಲ್ಲಿ ಆ ಮಾತು ಅವನಿಗೇ ಬೇರೆಯಾಗಿ ಕೇಳಿಸಿತು. ಮದುವೆಯ ರಾತ್ರಿ ಮೆರವಣಿಗೆಗೆ ಹೋಗದೆ ಇದ್ದದ್ದು, ಗೆಳೆಯರ ಜೊತೆ ರಾತ್ರಿ ಸಿನೆಮಾಕ್ಕೆ ಹೋಗದೆ ಇದ್ದದ್ದು, ಬಸ್ಸು ತಡವಾದರೆ ಬೆವರುತ್ತಿದ್ದದ್ದು. ಎಲ್ಲಕ್ಕೂ ಅವನ ಬಳಿ ಒಂದೇ ಉತ್ತರವಿತ್ತು, ನೇಮ ಎಂದು. ಆ ಉತ್ತರವನ್ನು ಯಾರೂ ಪ್ರಶ್ನಿಸಿರಲಿಲ್ಲ, ಅವನೂ ಪ್ರಶ್ನಿಸಿಕೊಂಡಿರಲಿಲ್ಲ.

ಹಾಲಸಿದ್ದ ಉಪಕರಣಗಳನ್ನು ಚೀಲಕ್ಕೆ ತುಂಬುತ್ತ ಮೆಲ್ಲಗೆ ಹೇಳಿದ: "ಮೀರಜಕ್ಕ ಹೋಗಿ ಕಣ್ಣ ತೋರಸ್ರಿ. ಇಲ್ಲಿ ಸಾಹೇಬ್ರಿಗೆ ನಾ ಸ್ಕ್ರೀನಿನ ಒಳಗಿನ ಟ್ಯೂಬೇ ಹೋಗೈತಿ, ಮುಂಬಯಿಯಿಂದ ಬರಬೇಕು ಅಂತೇನಿ. ಎರಡು ತಿಂಗಳು ತಳ್ಳಬಹುದು. ನಾಳೆ ಮುಂಜಾನೆ ಮತ್ತ ಬರ್ತೇನಿ, ನೀವು ಹೂಂ ಅಂದ್ರ ಸಾಕು."

ಅವತ್ತು ಬಿಸಿಲಿರುವಾಗಲೇ ಜಿನಪಾಲ ಮನೆಗೆ ಬಂದ. ತಾಯಿ ಸೋನಾಬಾಯಿ ಎಂದಿನಂತೆ ತಾಟು ಇಟ್ಟಳು. ಅವನು ತುತ್ತು ಮುಟ್ಟಲಿಲ್ಲ.

"ಅವ್ವಾ, ಅಪ್ಪಗ ಕಣ್ಣ ಕಾಣಸ್ತಿರಲಿಲ್ಲೇನು?"

ಮುದುಕಿ ರೊಟ್ಟಿಯ ಬುಟ್ಟಿ ಮುಚ್ಚಿದಳು. ಯಾವತ್ತೋ ಬರಬೇಕಾಗಿದ್ದ ಪ್ರಶ್ನೆ ಬಂದಿತೆನ್ನುವಂತೆ ಗೋಡೆಗೆ ಆತು ಕೂತಳು.

"ಮೊದಲ ಕತ್ತಲಾಗ ಕಾಣಸ್ತಿರಲಿಲ್ಲ. ಆಮ್ಯಾಲ ಹಗಲೂ ಸಣ್ಣಾತು, ಕಿಂಡಿಯಾಗಿಂದ ನೋಡಿದಂಗ. ಬಾವಿಗೆ ಬೀಳಾವ್ರಿದ್ರು ಒಂದ ದಿವಸ. ಕುರುಡನ ಮನಿ ಅಂದ್ರ ಯಾರ ಹೆಣ್ಣ ಕೊಡತಿದ್ರು, ಯಾರ ತಗೋತಿದ್ರು? ವ್ರತ ಹಿಡದಾರ ಅಂತ ನಾನ ಊರಾಗ ಹೇಳಿದೆ. ನಂಬಿದ್ರು. ಕಾಲಿಗೆ ಬಿದ್ರು."

"ನನಗ್ಯಾಕ ಹೇಳಲಿಲ್ಲ?"

"ನಿನಗ ಗೊತ್ತೈತಿ ಅಂತ ತಿಳಿದಿದ್ನೆಪಾ. ಅಪ್ಪನಂಗ ನೀನೂ ಮುಚ್ಕೊಂಡ್ ನಡದಿ ಅನ್ಕೊಂಡೆ. ಅದಕ್ಕ ದಿನಾ ಹೊತ್ತಿಗಿಂತ ಮೊದಲ ತಾಟ ಇಟ್ಟೆ." ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಅವರದಕ್ಕ ವ್ರತ ಅಂತ ಹೆಸರಿಟ್ಟೆ. ನಿನ್ನದಕ್ಕ ಏನಂತ ಇಡ್ಲಿ ಹೇಳು. ಊರಾಗ ಅದನ್ನ ಹೇಳತೇನಿ."

ಅಂಗಳದಲ್ಲಿ ಜಿನಪಾಲನ ಮಗಳು ಕುಂಟಬಿಲ್ಲೆ ಆಡುತ್ತಿದ್ದಳು. ಸಂಜೆಗತ್ತಲೆ ಇಳಿಯತೊಡಗಿದರೂ ಆಕೆಯ ಕಾಲು ಗೆರೆ ತಪ್ಪುತ್ತಿರಲಿಲ್ಲ. ಇವತ್ತು ತಪ್ಪುತ್ತಿಲ್ಲ; ಅವನಿಗೂ ಆ ವಯಸ್ಸಿನಲ್ಲಿ ತಪ್ಪಿರಲಿಲ್ಲ. ಜಿನಪಾಲನಿಗೆ ತಡೆಯಲಾಗದ ಅಳು ಬಂತು. ಕುರ್ಚಿ ಹೋಗುತ್ತದೆಂದು ಅತ್ತನೋ, ಕಣ್ಣು ಹೋಗುತ್ತದೆಂದು ಅತ್ತನೋ, ತಾಯಿ ಕೇಳಲಿಲ್ಲ.

"ಹೆಸರ ಬ್ಯಾಡವ್ವಾ," ಎಂದ ಕೊನೆಗೆ. "ಆಕೀಗೆ ಮುಂದ ಏನರ ಆದ್ರ ಆಕೀಗೆ ಗೊತ್ತಿರಬೇಕು."

ಮರುದಿನ ಹಾಲಸಿದ್ದ ಬರುವುದಕ್ಕೂ ಮೊದಲೇ ಅವನು ಕೃಷ್ಣಾತನ ಕೋಣೆಗೆ ಹೋದ. "ಸ್ಕ್ರೀನು ಬರೋಬರಿ ಐತ್ರಿ ಸಾಹೇಬ್ರ. ನನಗ ಕಣ್ಣ ಕಾಣೂದಿಲ್ಲ," ಎಂದ. ಸಿಡುಕುವವನಿಗೆ ಸಿಡುಕಲು ಏನೂ ಸಿಗಲಿಲ್ಲ. ಕೃಷ್ಣಾತ ಕೂರಲು ಹೇಳಿದ, ಚಹಾ ತರಿಸಿದ, ಆದರೆ ಕುರ್ಚಿಯ ಮಾತು ಬಂದಾಗ ಕಣ್ಣು ತಗ್ಗಿಸಿದ. ಆ ಕುರ್ಚಿ ಇಂದುಬಾಯಿಗೆ ಹೋಯಿತು. ಅವಳಿಗೆ ಕಲಿಸುವಷ್ಟು ದಿವಸ ಜಿನಪಾಲ ಇರಲಿ ಎಂದಾಯಿತು; ಆಮೇಲಿನದು ಆಮೇಲೆ.

ಕಲಿಸುತ್ತ ಕೂತವನು ಆ ದಿನ ಗಡಿಯಾರ ನೋಡಲಿಲ್ಲ. ಇಂದುಬಾಯಿ ತಡೆದು ತಡೆದು ಕೇಳಿದ್ದಕ್ಕೆಲ್ಲ ಸಮಾಧಾನದಿಂದ ಉತ್ತರ ಹೇಳಿ, ಮಷೀನು ಆರಿಸಿ, ಹೊರಗೆ ಬಂದಾಗ ಹೊತ್ತು ಮುಳುಗಿ ಹೋಗಿತ್ತು. ಗೇಟಿನ ಆಚೆ ಅವನಿಗೆ ರಸ್ತೆ ಇರಲಿಲ್ಲ, ಬರೀ ಮಗ್ಗದ ಸದ್ದು ಇತ್ತು, ಪಾಳಿ ಬದಲಿಯ ಜನರ ಕಾಲಸಪ್ಪಳ ಇತ್ತು. ಅವನು ಗೇಟಿನ ಕಂಬ ಹಿಡಿದು ನಿಂತ. ಆಮೇಲೆ, ಯಾರ ಕಡೆ ಮುಖ ಮಾಡಬೇಕೆಂದೂ ತಿಳಿಯದೆ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ:

"ಯಾರರೆ ಕೈ ಹಿಡೀರಿ. ನನಗ ಕಾಣೂದಿಲ್ಲ."

ಕಾಲಸಪ್ಪಳ ನಿಂತಿತು. ಹತ್ತಿಯ ಧೂಳು ಮೆತ್ತಿದ ಒಂದು ಕೈ ಬಂದು ಅವನ ಮೊಣಕೈ ಹಿಡಿಯಿತು. "ಎಲ್ಲೀಗೆ ಹೋಗಬೇಕ್ರಿ?" ಎಂದು ಯಾರೋ ಕೇಳಿದರು.

"ಯಡ್ರಾವಕ್ಕ," ಎಂದ ಜಿನಪಾಲ, ಕಂಬ ಬಿಟ್ಟ.