ನೀರುಗಂಟಿ ಅಂಕಯ್ಯನವರ ಟ್ರ್ಯಾಕು

ಮುಂದೆ ಹೋಗುತ್ತಿದ್ದ ಟ್ರ್ಯಾಕ್ಟರಿನ ಕಬ್ಬಿನಿಂದ ಒಂದು ಒಣ ಸೋಗೆ ಹಾರಿ ಬಂದು ದೇವರಾಜುವಿನ ಕೆನ್ನೆಗೆ ತಾಗಿತು, ಉರಿ, ಇರಲಿ, ಈ ಪುಣ್ಯಾತ್ಮ ಪಕ್ಕಕ್ಕೆ ಸರಿದರೆ ಸಾಕು, ಹಾರ್ನ್ ಎಲ್ಲಿ ಕೇಳಬೇಕು ಅವನಿಗೆ, ಹಾಡು ಹಾಕಿಕೊಂಡಿದ್ದಾನೆ, ಅದರಲ್ಲಿ ಬಾಸಿನ ಗುಡುಗುಡು ಜಾಸ್ತಿಯಾಗಿದೆ — ನೋಡು, ಈಗಲೂ ಬಾಸು ತೂಗುತ್ತದೆ ಈ ಹಾಳು ಕಿವಿ, ಬೆಳಿಗ್ಗೆ ಒಂಬತ್ತೂವರೆಗೆ ಎಲ್ಲಿ ಹೋಗಿತ್ತು ಇದು, ಒಂದೇ ಒಂದು ಸಲ ಹಾಕಿ ಕೇಳಿದ್ದರೆ ಆಗುತ್ತಿತ್ತಲ್ಲ. ಮೈಕು ಕಟ್ಟಿಕೊಂಡು ಸಾವು ಸಾರುವ ಸಿದ್ದರಾಮುವಿನ ಆಟೋ ಮಳವಳ್ಳಿ ಬಿಟ್ಟು ಇಪ್ಪತ್ತು ನಿಮಿಷವಾಗಿದೆ. ನಾಗಶ್ರೀ ಫೋನ್ ಮಾಡಿದಾಗ ಅವನು ಸ್ಟುಡಿಯೋದಲ್ಲಿ ಕೂತು ಟೀ ಕುಡಿಯುತ್ತಿದ್ದ, ಹೆಂಡತಿಯ ಮಾತು ಅರ್ಧ ಅಳುವಿನಲ್ಲೇ ಬಂತು, ರೀ, ಬಸ್ ಸ್ಟ್ಯಾಂಡ್ ತಾವ ಮೈಕಲ್ಲಿ ಮಾವನ ಎಸರು ಕೂಗ್ತಾವ್ರೆ, ಮಾವ ಓಗ್ಬುಟ್ರಾ, ನಂಗ್ಯಾಕ್ರೀ ಯೋಳ್ನಿಲ್ಲ, ನಿಮ್ ದನೀಲೇ ಕೂಗ್ತಾವ್ರಲ್ಲ — ಆ ಟೀ ಲೋಟವನ್ನು ಎಲ್ಲಿಟ್ಟನೋ ನೆನಪಿಲ್ಲ, ಬೈಕಿಗೆ ಕೀ ಹಾಕಿದ್ದೂ ನೆನಪಿಲ್ಲ. ಸತ್ತವರು ಜವರಯ್ಯ, ಅಪ್ಪ ಅಲ್ಲ. ಜವರಯ್ಯನ ಸಾವನ್ನು ಊರೂರಿಗೆ ಸಾರಲು ಹೊರಟ ಆಟೋದಲ್ಲಿ ಅಪ್ಪನ ಹೆಸರು ಹೋಗುತ್ತಿದೆ, ಈ ರಸ್ತೆಯಲ್ಲೇ, ಬೆಳಕವಾಡಿಗೆ, ಅಲ್ಲಿ ಅಪ್ಪ ಜಗಲಿಯ ಮಂಚದ ಮೇಲೆ ಉಸಿರಾಡುತ್ತಾ ಮಲಗಿದ್ದಾನೆ. ಎದೆ ಬಡಿತ ನೆಟ್ಟಗಿಲ್ಲ, ಗಾಬರಿ ಮಾಡಿಸಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದ ಅಪ್ಪ. ಸಿದ್ದರಾಮುವಿಗೆ ಹನ್ನೊಂದು ಸಲ ಫೋನ್ ಮಾಡಿದ್ದಾಯಿತು, ತಲೆಯ ಮೇಲೆ ಮೈಕು ಅರಚುವಾಗ ಅವನಿಗೆ ರಿಂಗು ಕೇಳುತ್ತದೆಯೇ, ಮದ್ದೂರಿನ ಕಡೆಯವನು ಬೇರೆ, ಯಾವ ಅಂಕಯ್ಯನೋ ಯಾವ ಜವರಯ್ಯನೋ, ಪೆನ್‌ಡ್ರೈವಿನಲ್ಲಿ ಇದ್ದದ್ದನ್ನು ಕೂಗಿಸುವುದು ಅವನ ಕೆಲಸ.

ಟ್ರ್ಯಾಕ್ಟರು ಸರಿಯಿತು, ಸದ್ಯ, ಬೈಕು ಎಂಬತ್ತು ದಾಟಿತು, ಗಾಳಿಗೆ ಕಣ್ಣಲ್ಲಿ ನೀರು, ಗಾಳಿಗೇ ಎಂದುಕೊಂಡ. ಎಲ್ಲ ಆ ಟೆಂಪ್ಲೇಟಿನಿಂದ. ಏನು ಜಂಬ ಅವನಿಗೆ ಅದರದ್ದು, ಬಂದವರಿಗೆಲ್ಲ ತೋರಿಸುತ್ತಿದ್ದ, ನೋಡಿ ಸಾರ್, ಮದುವೆಗೊಂದು, ಎಲೆಕ್ಷನ್ನಿಗೊಂದು, ದೇವರ ಹಾಡಿಗೊಂದು, ಸಾವಿಗೊಂದು, ಒಂದು ಸಲ ಜೋಡಿಸಿಟ್ಟರೆ ಮುಗಿಯಿತು, ತೆರೆದರೆ ಟ್ರ್ಯಾಕುಗಳೆಲ್ಲ ಸಾಲಾಗಿ ನಿಂತಿರುತ್ತವೆ, ದನಿಗೆ ಎಷ್ಟು ಮಾರ್ದನಿ ಬೇಕು, ಶಹನಾಯಿ ಎಷ್ಟು ತಗ್ಗಬೇಕು ಎಲ್ಲ ಮೊದಲೇ ಇರುತ್ತದೆ, ಹೆಸರು, ಊರು ಹೇಳಿದರೆ ಹತ್ತು ನಿಮಿಷಕ್ಕೆ ಸಾವು ರೆಡಿ. ಹಾಗೇ ಅನ್ನುತ್ತಿದ್ದ, ಸಾವು ರೆಡಿ, ನಗುತ್ತಿದ್ದ ಕೂಡ. ಸಾವಿನ ಟೆಂಪ್ಲೇಟಿನಲ್ಲಿ ಒಂದು ಅಳತೆಯ ಟ್ರ್ಯಾಕಿತ್ತು, ಹೆಸರು ಎಲ್ಲಿ ಬರಬೇಕು, ಎಷ್ಟು ಹೊತ್ತು ತಡೆಯಬೇಕು ಎಂದು ನೋಡಿಕೊಳ್ಳಲು, ಯಾವಾಗಲೂ ಮ್ಯೂಟ್ ಮಾಡಿಟ್ಟದ್ದು. ಇವತ್ತು ಅದನ್ನು ಒಂದು ಗಳಿಗೆ ತೆರೆದು ಅಳತೆ ನೋಡಿಕೊಂಡ, ಜವರಯ್ಯನ ಹೆಸರು ಓದಿದ, ಹೊರಗೆ ಸಿದ್ದರಾಮು ಪೋಂ ಪೋಂ ಅನ್ನುತ್ತಿದ್ದ, ಎಣ ಎತ್ತೋ ವೊತ್ಗೆ ಸಾರ್ಲಾ ನಾನು, ಬೇಗ ಕೊಡ್ಲಾ ದೇವ್ರಾಜು, ಮತ್ತೆ ಮ್ಯೂಟ್ ಒತ್ತಿದ, ಅಳತೆಯ ಟ್ರ್ಯಾಕಿಗಲ್ಲ, ಒಂದು ಸಾಲು ಕೆಳಗೆ, ಜವರಯ್ಯನ ಟ್ರ್ಯಾಕಿಗೆ ಒತ್ತಿದ. ಅಷ್ಟೇ. ಜವರಯ್ಯ ಸುಮ್ಮನಾದ, ಅಪ್ಪ ಮಾತಿಗೆ ಬಂದ. ಆದರೆ ಅಳತೆಗೆ ಅಪ್ಪನ ಹೆಸರೇ ಯಾಕೆ ಬೇಕಿತ್ತು, ಒಂದು ಎರಡು ಮೂರು ಎಂದು ಎಣಿಸಿದ್ದರೂ ನಡೆಯುತ್ತಿತ್ತಲ್ಲ, ಇದನ್ನು ಯಾರಾದರೂ ಕೇಳಿದರೆ, ಅವ್ವ ಕೇಳಿದರೆ. ಮಾರ್ಚಿನಲ್ಲಿ ಅಪ್ಪನನ್ನು ಮಂಡ್ಯದ ಆಸ್ಪತ್ರೆಯಲ್ಲಿ ಮಲಗಿಸಿ, ಇನ್ನೆರಡು ದಿನ ಕಷ್ಟ ಎಂದು ಕೇಳಿಕೊಂಡು ಬಂದ ಮಧ್ಯಾಹ್ನ ಅವನು ನೆಟ್ಟಗೆ ಸ್ಟುಡಿಯೋಗೆ ಹೋದ. ಆಮೇಲಾದರೆ ಗಂಟಲು ಕಟ್ಟುತ್ತದೆ, ಈಗಲೇ ಹೇಳಿಟ್ಟರೆ ಒಳ್ಳೆಯದು ಎಂದುಕೊಂಡ. ಬೆಳಕವಾಡಿಯ ನೀರುಗಂಟಿ ಅಂಕಯ್ಯನವರು ದೈವಾಧೀನರಾದರೆಂದು ತಿಳಿಸಲು ವಿಷಾದಿಸುತ್ತೇವೆ, ಮೃತರ ಅಂತ್ಯಕ್ರಿಯೆ ಇಂದು ಸಂಜೆ ನಾಲ್ಕು ಗಂಟೆಗೆ ಅವರ ಸ್ವಂತ ಜಮೀನಿನಲ್ಲಿ. ಮೂರು ಟೇಕು ತೆಗೆದ. ಮೊದಲನೆಯದರಲ್ಲಿ ಕೆಮ್ಮು, ಎರಡನೆಯದು ಯಾಕೋ ಚಪ್ಪೆ, ಮೂರನೆಯದು ಚೆನ್ನಾಗಿತ್ತು, ಅದನ್ನು ಇಟ್ಟುಕೊಂಡ. ಅಪ್ಪ ಬದುಕಿ ಬಂದ. ಅಳಿಸಬಹುದಿತ್ತು, ಅಳಿಸಲಿಲ್ಲ, ಹೇಗೂ ಇದೆ, ಅಳತೆಗಾಗುತ್ತದೆ ಎಂದು ಟೆಂಪ್ಲೇಟಿಗೆ ಸೇರಿಸಿ ಸೇವ್ ಮಾಡಿದ, ಥೂ, ಎಂಥ ಮನುಷ್ಯ ನಾನು.

ಊರ ಬಾಗಿಲಲ್ಲೇ ಕೇಳಿಸಿತು. ಶಹನಾಯಿ ಮೊದಲು, ಆಮೇಲೆ ತನ್ನದೇ ದನಿ, ಆ ಬೀದಿಯಿಂದ ಈ ಬೀದಿಗೆ ತಿರುಗುತ್ತಾ, ಹತ್ತಿರವಾಗುತ್ತಾ ದೂರವಾಗುತ್ತಾ, ಎಲ್ಲೂ ನಡುಗದ ದನಿ, ಅಂಥ ದನಿಯಲ್ಲಿ ಮಗನಾದವನು ಹೇಳುತ್ತಾನೆಯೇ. ಆಟೋ ಹಿಡಿಯಲೋ ಮನೆಗೆ ಹೋಗಲೋ, ಬೈಕೇ ಮನೆಯ ಕಡೆ ತಿರುಗಿತು. ಬಾಗಿಲಲ್ಲಿ ಆಗಲೇ ಏಳೆಂಟು ಜನ, ಒಬ್ಬರ ಕೈಯಲ್ಲಿ ಸೇವಂತಿಗೆ ಹಾರ, ಅದನ್ನು ಏನು ಮಾಡುವುದೆಂದು ತಿಳಿಯದೆ ಬೆನ್ನ ಹಿಂದೆ ಹಿಡಿದಿದ್ದಾರೆ, ಅವ್ವ ಕಂಬ ಹಿಡಿದು ನಿಂತಿದ್ದಾಳೆ, ಅವ್ವ ಪಟ್ಟಲಮ್ಮನ ಬಾಯಿಗೆ ಹೆದರದವರು ಊರಲ್ಲಿಲ್ಲ, ಈಗ ಮಗನ ಮುಖ ನೋಡಿ ಮುಖ ತಿರುಗಿಸಿದಳು. ಅಪ್ಪ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದಾನೆ, ಕೂತಿದ್ದಾನೆ, ಬದುಕಿದ್ದಾನೆ, ದೇವರಾಜು ಮೆಟ್ಟಿಲ ಮೇಲೇ ಕೂತ. ಅಪ್ಪಾ, ಅದು ತೆಪ್ಪಾಗಿ ಓಗ್ಬುಡ್ತು, ಅಳತೆಗೆ ಅಂತ ಸುಮ್ನೆ ಮಡ್ಗಿದ್ದೆ. ಅಪ್ಪ ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ದನಿ ಚೆಂದಾಗ್ ಬಂದೈತೆ ಕಣ್ಲಾ ಮಗ, ಎಲ್ಲೂ ತಡವರಿಸ್ನಿಲ್ಲ ನೀನು, ಎಂದ. ಆಮೇಲೆ ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡು, ಪಟ್ಟಲಮ್ಮ, ನೀರ್ ಕಾಯ್ಸು, ತಲೆಗ್ ಉಯ್ಕತೀನಿ, ನಾಕ್ ಗಂಟೆಗಂತೆ. ತಮಾಷೆಗಿರಬೇಕು, ಯಾರೂ ನಗಲಿಲ್ಲ, ಅಪ್ಪನೂ ನಗಲಿಲ್ಲ. ಮೂವತ್ತೆರಡು ವರ್ಷ ನಾಲೆಯ ತೂಬು ಕಾದವನು, ಯಾರ ಗದ್ದೆಗೆ ಯಾವ ಹೊತ್ತಿಗೆ ನೀರು ಅಂದನೋ ಆ ಹೊತ್ತಿಗೆ ಬಿಟ್ಟವನು, ಒಂದು ದಿನ ತಪ್ಪಿಸಿದವನಲ್ಲ, ಆ ಮಾತು ಈಗ ಯಾಕೆ ನೆನಪಾಗಬೇಕು, ಬೇಡ, ಅಪ್ಪಾ, ಆ ನಾಲ್ಕು ಗಂಟೆ ನಾನು ಸುಮ್ಮನೆ ಹೇಳಿದ್ದು, ಬಾಯಿಗೆ ಬಂದದ್ದು. ಆದರೆ ಅಪ್ಪ ಕೇಳಿಸಿಕೊಳ್ಳುತ್ತಿಲ್ಲ, ತಲೆಯನ್ನು ನಿಧಾನಕ್ಕೆ ಒಳಗೋಡೆಯ ಕಡೆಗೆ ತಿರುಗಿಸಿದ್ದಾನೆ, ಅಲ್ಲಿ ಗಡಿಯಾರ, ಹನ್ನೊಂದೂ ಇಪ್ಪತ್ತು, ಅಪ್ಪನ ಕಣ್ಣು ಮುಳ್ಳಿನ ಮೇಲೆ, ಒಲೆಗೆ ಸೌದೆ ತುರುಕುವ ಸದ್ದು, ಹೊರಗೆ ಆಟೋ ಹಿಂದಿನ ಬೀದಿಗೆ ತಿರುಗಿತು, ಹನ್ನೊಂದೂ ಇಪ್ಪತ್ತೊಂದು, ಅಪ್ಪನ ಕಣ್ಣು ಮುಳ್ಳಿನ ಮೇಲೆ, ಅಪ್ಪನ ಕಣ್ಣು, ಮುಳ್ಳು